ಧಣಿಯ ಕುರ್ಚಿಯಲ್ಲಿ ಕ್ಯಾಜ್

ಕ್ಯಾಜ್ ವೊಯ್ಟನೆಕ್ ತನ್ನ ಮುಖವನ್ನು ಮ್ಯೂಸಿಯಂಗೆ ಕೊಟ್ಟದ್ದು ಒಂದು ಮಾತಿನ ಮೇಲೆ. ಆ ಮಾತನ್ನು ಮ್ಯೂಸಿಯಂ ಉಳಿಸಿಕೊಳ್ಳಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಈರಿ ಎಂಬ ಸರೋವರದ ದಂಡೆಯ ಊರಿನಲ್ಲಿರುವ ನಮ್ಮ ಜಿಲ್ಲಾ ಮ್ಯೂಸಿಯಂನವರು ಕೆಳಮಹಡಿಯಲ್ಲಿ ಊರಿನ ದುಡಿಮೆಯ ಕತೆ ಹೇಳುವ ಒಂದು ದೊಡ್ಡ ವಿಭಾಗ ತೆರೆಯಲು ಹೊರಟಿದ್ದರು. ಸರೋವರದ ಮೀನುಗಾರರ ದೋಣಿ, ದ್ರಾಕ್ಷಿ ತೋಟ, ಪಂಪ್ ಕಾರ್ಖಾನೆಯ ಎರಕದ ಮನೆ, ಹೀಗೆ ಒಂದೊಂದು ಗಾಜಿನ ಹಿಂದೆ ಒಂದೊಂದು ದೃಶ್ಯ. ಒಳಗೆ ಆಳೆತ್ತರದ ಬೊಂಬೆಗಳು. ಅವಕ್ಕೆ ಬಟ್ಟೆ ಅಂಗಡಿಯ ಬೊಂಬೆಗಳ ಮುಖ ಬೇಡ, ನಮ್ಮೂರಿನವರ ಮುಖವೇ ಇರಲಿ ಎಂದು ಹಟ ಹಿಡಿದವರು ಗಸ್ ಫೆರಾಂಟೆ. ಅವರು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಚರ್ಚಿನಲ್ಲಿ, ಬೌಲಿಂಗ್ ಆಡುವ ಕಡೆ, ಬಾರಿನಲ್ಲಿ, ಎಲ್ಲಿ ಒಳ್ಳೆಯ ಮುಖ ಕಂಡರೂ ನಿಲ್ಲಿಸಿ ಕೇಳುತ್ತಿದ್ದರಂತೆ.

ಕ್ಯಾಜ್ ಆಗ ನಲವತ್ತರ ಗಂಡಸು. ಪೆಲ್ಹ್ಯಾಮ್ ಪಂಪ್ ಕಾರ್ಖಾನೆಯ ಎರಕದ ಮನೆಯಲ್ಲಿ ಕಬ್ಬಿಣ ಎರೆಯಲು ಮರಳಿನ ಅಚ್ಚು ಕಟ್ಟುವ ಕೆಲಸ. ಯೂನಿಯನ್ನಿನ ಮುಂದಾಳು. ನಾಲ್ಕು ವರ್ಷದ ಹಿಂದೆ ನಡೆದ ದೊಡ್ಡ ಮುಷ್ಕರದಲ್ಲಿ ಚಳಿಗಾಲ ಪೂರ್ತಿ ಗೇಟಿನ ಮುಂದೆ ಕೂತು ಹಟ ಸಾಧಿಸಿದವನು. ಅಂಥವನು ಅಚ್ಚಿಗೆಂದು ಮುಖಕ್ಕೆ ಪ್ಲಾಸ್ಟರ್ ಮೆತ್ತಿಸಿಕೊಳ್ಳಲು ಒಪ್ಪುವುದೆಂದರೆ ಸುಲಭವಲ್ಲ. ಗಸ್ ಮೇಷ್ಟ್ರು, "ಎರಕದ ಮನೆ ದೃಶ್ಯಕ್ಕೆ ನೀನಿಲ್ಲದೆ ಇನ್ಯಾರಯ್ಯ?" ಅಂದಿದ್ದಕ್ಕೆ ಉಬ್ಬಿಹೋಗಿ ಒಪ್ಪಿಕೊಂಡ. ಮುಖಕ್ಕೆಲ್ಲ ವ್ಯಾಸಲೀನ್ ಸವರಿ, ಉಸಿರಿಗೆಂದು ಮೂಗಿನಲ್ಲಿ ಎರಡು ಕೊಳವೆ ಸಿಕ್ಕಿಸಿ, ಅವನನ್ನು ಶಾಲೆಯ ಬೆಂಚಿನ ಮೇಲೆ ಮಲಗಿಸಿದರು. ಕಣ್ಣು ಮುಚ್ಚಿ, ಹುಬ್ಬು ಅಲ್ಲಾಡಿಸದೆ ಬಿದ್ದುಕೊಂಡಿರಬೇಕು. ಕ್ಯಾಜ್ ನಡುವೆಯೇ ಗೊರಕೆ ಹೊಡೆದನಂತೆ.

ಉದ್ಘಾಟನೆಯ ದಿನ ಅವನು ಭಾನುವಾರದ ಸೂಟು ತೊಟ್ಟು, ಹೆಂಡತಿ ಲೊರೆಟ್ಟಾಳನ್ನೂ ಮಗಳು ಜನೀನ್‌ಳನ್ನೂ ಕರೆದುಕೊಂಡು, ಪೋಲಿಷ್ ಮೂಲದವರ ಕ್ಲಬ್ಬಿನ ಗೆಳೆಯರ ದಂಡಿನ ಜೊತೆ ಬಂದ. ಎಲ್ಲರೂ ನೇರ ಎರಕದ ಮನೆಯ ಮುಂದೆ ಹೋಗಿ ನಿಂತರು. ಅಲ್ಲಿ ಬೂಟು ತೊಟ್ಟು, ಕರಗಿದ ಕಬ್ಬಿಣ ಹೊಯ್ಯುವ ಸೌಟು ಹಿಡಿದು ನಿಂತಿದ್ದವನು ಬೇಕರಿಯ ಎಡ್ಡಿ. ಜೀವಮಾನದಲ್ಲಿ ಕಬ್ಬಿಣ ಕಾಯಿಸಿದವನಲ್ಲ. ಪಕ್ಕದ ಗಾಜಿನ ಹಿಂದೆ, ಮರದ ಮೇಜಿನ ಮುಂದೆ, ಕರಿ ಕೋಟು ತೊಟ್ಟು, ಹೊಟ್ಟೆಯ ಮೇಲೆ ಚಿನ್ನದ ಗಡಿಯಾರದ ಸರಪಳಿ ಇಳಿಬಿಟ್ಟು, ಕೆನ್ನೆಯುದ್ದಕ್ಕೂ ಬಿಳಿ ಮೀಸೆಗಡ್ಡ ಅಂಟಿಸಿಕೊಂಡು ಕೂತಿದ್ದವನು ಕ್ಯಾಜ್. ಕೆಳಗಿನ ಫಲಕದಲ್ಲಿ ಕಾರ್ಖಾನೆಯ ಸಂಸ್ಥಾಪಕರಾದ ಜೋಸಾಯ ಪೆಲ್ಹ್ಯಾಮ್ ಎಂದಿತ್ತು.

ಎಲ್ಲರೂ ಫಲಕ ನೋಡಿದರು, ಕ್ಯಾಜ್‌ನನ್ನು ನೋಡಿದರು. ಆಮೇಲೆ ಕ್ಲಬ್ಬಿನವರಲ್ಲಿ ಯಾರೋ, "ಧಣಿಗಳು ಕೂತಿದಾರೆ, ಟೋಪಿ ತೆಗೀರ್ರೋ!" ಅಂದರು. ಕೋಣೆಯೆಲ್ಲ ನಗೆಯಲ್ಲಿ ಮುಳುಗಿತು.

ಗಸ್ ಮೇಷ್ಟ್ರು ಓಡಿ ಬಂದರು. "ಕ್ಯಾಜ್, ಬೇಜಾರ್ ಮಾಡ್ಕೋಬೇಡ ಕಣೋ. ಪೆಲ್ಹ್ಯಾಮನ ಹಳೇ ಚಿತ್ರ ಇಟ್ಕೊಂಡು ಎಲ್ಲಾ ಮುಖಾನೂ ಹೋಲಿಸಿ ನೋಡ್ದೆ. ಆ ಹಣೆ, ಆ ಮೂಗು ಇಡೀ ಊರಲ್ಲಿ ನಿನಗೊಬ್ಬನಿಗೇ ಇರೋದು."

"ನಮ್ಮಪ್ಪನ ಮೂಗದು," ಅಂದ ಕ್ಯಾಜ್. "ಆ ಮುದುಕನ ಎರಕದ ಮನೇಲೇ ನಮ್ಮಪ್ಪನ ಕಾಲು ಸುಟ್ಟಿದ್ದು."

ಮರುದಿನ ಹೋಗಿ ಮುಖ ವಾಪಸು ಕೊಡಿ ಎಂದು ಕೇಳಿದ. ವಿಭಾಗಕ್ಕೆ ಹಣ ಕೊಟ್ಟದ್ದು ಪೆಲ್ಹ್ಯಾಮ್ ಮನೆತನ. ಅವರಿಗೆ ತಮ್ಮ ತಾತನ ಬೊಂಬೆ ತುಂಬ ಹಿಡಿಸಿತ್ತು. ಆಗಿನ ನಿರ್ದೇಶಕರು ನಗುನಗುತ್ತಲೇ ಆಗುವುದಿಲ್ಲ ಎಂದು ಕಳಿಸಿದರು. ಅವತ್ತು ಮನೆಗೆ ಬಂದ ಕ್ಯಾಜ್ ಹೆಂಡತಿ ಮಗಳಿಬ್ಬರನ್ನೂ ಅಡುಗೆಮನೆಯಲ್ಲಿ ನಿಲ್ಲಿಸಿ, "ನಮ್ಮನೆಯವರು ಯಾರೂ ಆ ಕಟ್ಟಡದೊಳಗೆ ಕಾಲಿಡಕೂಡದು," ಎಂದು ಅಪ್ಪಣೆ ಮಾಡಿದ.

ಊರು ಮಾತ್ರ ಬಿಡಲಿಲ್ಲ. ಅವನ ಹೆಸರು ಧಣಿ ಎಂದೇ ನಿಂತಿತು. ಬಾರಿನವನು ಬಿಯರ್ ಇಡುತ್ತ, "ಧಣೀ, ಈ ವರ್ಷನಾದ್ರೂ ಸಂಬಳ ಏರಿಸ್ತೀರಾ?" ಎನ್ನುವನು. ಮೊದಮೊದಲು ಹೊಡೆಯಲು ಕೈ ಎತ್ತುತ್ತಿದ್ದ. ಆಮೇಲಾಮೇಲೆ, "ನಿನ್ನನ್ನ ಕೆಲಸದಿಂದ ತೆಗೆದಿದೀನಿ, ಗೊತ್ತಾಗ್ಲಿಲ್ವಾ?" ಎಂದು ತಿರುಗಿಸಿ ಹೇಳುವಷ್ಟು ಪಳಗಿದ. ತೊಂಬತ್ತರ ದಶಕದಲ್ಲಿ ಪೆಲ್ಹ್ಯಾಮ್‌ನವರು ಕಾರ್ಖಾನೆ ಮುಚ್ಚಿ ದಕ್ಷಿಣಕ್ಕೆ ಹೊರಟರು. ಕೊನೆಯ ದಿನ ಕ್ಯಾಜ್ ಬುತ್ತಿಪೆಟ್ಟಿಗೆ ಹಿಡಿದು ಗೇಟಿನಿಂದ ಹೊರಗೆ ಬರುವಾಗ ಗುಂಪಿನಲ್ಲಿ ಒಬ್ಬ, "ಏನ್ ಧಣೀ, ಹೀಗೆ ನಡುನೀರಲ್ಲಿ ಕೈಬಿಟ್ರಲ್ಲ?" ಅಂದ. ಯಾರೂ ನಗಲಿಲ್ಲ. ಅಂದವನೇ ಮುಖ ಆಚೆ ತಿರುಗಿಸಿಕೊಂಡ. ಅವತ್ತಿನಿಂದ ಕ್ಯಾಜ್‌ನನ್ನು ಯಾರೂ ಹಾಗೆ ಕರೆಯಲಿಲ್ಲ.

ಇದನ್ನೆಲ್ಲ ನಾನು ಕಂಡವಳಲ್ಲ. ಲೊರೆಟ್ಟಾ ಹೇಳಿ ಕೇಳಿದ್ದು. ನಾನು ಮ್ಯೂಸಿಯಂನ ಕೆಲಸಕ್ಕೆ ಸೇರುವ ಹೊತ್ತಿಗೆ ಕ್ಯಾಜ್ ಎದೆನೋವಿನಿಂದ ಸತ್ತು ಒಂದು ವರ್ಷವಾಗಿತ್ತು.

ನನ್ನ ಕೆಲಸ ಕೆಳಮಹಡಿಯ ಉಸ್ತುವಾರಿ. ದೀಪ ಹಾಕುವುದು, ಗಾಜು ಒರೆಸುವುದು, ಶಾಲೆಯ ಮಕ್ಕಳಿಗೆ ತೋರಿಸುವುದು. ಸೇರಿದ ಹೊಸದರಲ್ಲೇ ಒಬ್ಬ ವಯಸ್ಸಾದ ಹೆಂಗಸನ್ನು ಗಮನಿಸಿದೆ. ವಾರಕ್ಕೊಮ್ಮೆ, ಸರೋವರದ ಕಡೆಯಿಂದ ಹಿಮ ಬೀಸಿ ಹೊಡೆಯುತ್ತಿದ್ದರೂ ಬಿಡದೆ ಬರುವಳು. ಮೀನುಗಾರರ ಕಡೆಗೂ ದ್ರಾಕ್ಷಿ ತೋಟದ ಕಡೆಗೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ನೇರ ಪೆಲ್ಹ್ಯಾಮನ ಮುಂದಿನ ಬೆಂಚಿಗೆ ಹೋಗಿ, ಕೋಟಿನ ಗುಂಡಿ ಬಿಚ್ಚಿ ಕೂರುವಳು. ತುಟಿ ಅಲ್ಲಾಡುತ್ತಿತ್ತು. ಆಗೊಮ್ಮೆ ಈಗೊಮ್ಮೆ ಒಬ್ಬಳೇ ನಗುತ್ತಿದ್ದಳು. ಪೆಲ್ಹ್ಯಾಮ್ ಮನೆತನದವಳೇ ಇರಬೇಕು, ತಾತನ ಹತ್ತಿರ ಕಷ್ಟಸುಖ ಹೇಳಿಕೊಳ್ಳುತ್ತಿದ್ದಾಳೆ ಎಂದುಕೊಂಡೆ.

ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ತಾವು ಪೆಲ್ಹ್ಯಾಮ್ ಮನೆಯವರಾ ಅಮ್ಮಾ?"

ಅವಳು ನನ್ನನ್ನು ನೋಡಿದಳು. ಬೊಂಬೆಯನ್ನು ನೋಡಿದಳು. ನಗಲು ಶುರು ಮಾಡಿದವಳು ಕೆಮ್ಮು ಬಂದ ಮೇಲೂ ನಿಲ್ಲಿಸಲಿಲ್ಲ. "ಕೇಳಿಸ್ತೇನಪ್ಪಾ?" ಎಂದು ಗಾಜಿನ ಕಡೆಗೆ ಕೂಗಿದಳು. "ಈ ಹುಡುಗಿ ನನ್ನನ್ನ ನಿನ್ನ ಮೊಮ್ಮಗಳು ಅಂದ್ಕೊಂಡಿದಾಳೆ! ಏನಮ್ಮಾ ನಿನ್ನ ಹೆಸರು?"

"ಮಾರ್ಲಾ."

"ಕೂತ್ಕೋ ಮಾರ್ಲಾ. ಇವನು ನನ್ನ ಗಂಡ."

ಅವತ್ತು ಚೀಲದಿಂದ ಗಸಗಸೆ ಸುರುಳಿ ರೊಟ್ಟಿಯ ತುಂಡು ತೆಗೆದು ಕೊಟ್ಟಳು. ಒಳಗೆ ತಿನ್ನುವ ಹಾಗಿಲ್ಲ ಎಂದು ಹೇಳಬೇಕಾದವಳು ನಾನೇ. ತಿಂದೆ.

ಆಮೇಲೆ ವಾರವಾರ ಅವಳ ಪಕ್ಕ ಒಂದಿಷ್ಟು ಹೊತ್ತು ಕೂರುವುದು ನನಗೆ ರೂಢಿಯಾಯಿತು. ಮನೆಯಲ್ಲಿ ಫೋಟೋಗಳಿಲ್ಲವೇ ಎಂದು ಒಮ್ಮೆ ಕೇಳಿದೆ.

"ರಾಶಿ ಇದಾವೆ. ಒಂದ್ರಲ್ಲೂ ಅವನು ನೆಟ್ಟಗಿಲ್ಲ. ಕ್ಯಾಮೆರಾ ಎದುರು ನಿಂತ್ರೆ ಮ್ಯಾನೇಜರ್ ಎದುರು ನಿಂತ ಹಾಗೆ ಗಂಟು ಮೋರೆ. ಇಲ್ಲಿ ನೋಡು, ಹಣೆ ಹೇಗೆ ಸಡಿಲಾಗಿದೆ. ಪ್ಲಾಸ್ಟರ್ ಹಾಕಿದಾಗ ನಿದ್ದೆ ಹೋಗಿದ್ನಲ್ಲ. ಆ ಗಾಜಿನ ಕಣ್ಣು ಆಮೇಲೆ ಸಿಕ್ಕಿಸಿದ್ದು. ಉಳಿದದ್ದೆಲ್ಲ ಮಲಗಿದ ಮುಖ. ಈ ಮುಖ ಕಂಡೋಳು ನಾನೊಬ್ಬಳೇ."

ಇನ್ನೊಂದು ಸಲ ಅಂದಳು: "ಬರಬೇಡ ಅಂದಿದ್ದ. ಬರ್ತೀನಿ. ಬಂದು ಕೂತು, 'ಏನ್ ಸಾಹೇಬ್ರೇ, ಸರಪಳಿ ಚೆನ್ನಾಗಿದೆಯಲ್ಲ, ಮನೆ ಬಾಡಿಗೆ ಕಟ್ತೀರೋ ಇಲ್ವೋ?' ಅಂತ ಕೆಣಕ್ತೀನಿ. ಬದುಕಿದ್ದಾಗ ಈ ವಿಷಯ ಎತ್ತಿದ್ರೆ ಎರಡು ದಿನ ಊಟ ಬಿಡ್ತಿದ್ದ. ಈಗ ಪಾಪ, ಎದ್ದು ಹೋಗೋದಕ್ಕೂ ಆಗಲ್ಲ."

ಮಗಳಿಗೆ ಮಾತ್ರ ತಲೆ ಬಾಚಿಸಿಕೊಳ್ಳಲು ಪಾರ್ಲರಿಗೆ ಹೋಗುತ್ತೇನೆ ಎಂದು ಹೇಳಿ ಬರುತ್ತಿದ್ದಳು. ಜನೀನ್ ಅಪ್ಪನ ಮಗಳು. ಆಸ್ಪತ್ರೆಯಲ್ಲಿ ನರ್ಸ್, ಅಲ್ಲಿನ ಯೂನಿಯನ್ನಿನ ಪದಾಧಿಕಾರಿ. ಅಪ್ಪ ಹಾಕಿದ ಗೆರೆಯನ್ನು ದಾಟಿದವಳಲ್ಲ.

ಹೀಗೇ ಕೆಲವು ವರ್ಷ ಕಳೆದವು. ಆಮೇಲೆ ಹೊಸ ನಿರ್ದೇಶಕಿ ಕ್ಯಾಂಡೆಸ್ ಬಂದರು. ಚುರುಕಿನವರು, ಒಳ್ಳೆಯವರು ಕೂಡ. ಕೆಳಮಹಡಿಯನ್ನು ಒಮ್ಮೆ ಸುತ್ತಿ ಬಂದು, "ಮಾರ್ಲಾ, ಈ ಬೊಂಬೆಗಳನ್ನ ನೋಡಿ ಮಕ್ಕಳು ಹೆದರ್ಕೊಳ್ಳಲ್ವಾ? ಎರಕದ ಮನೆಯ ಬೊಂಬೆಯ ಕಿವಿ ಉದುರಿ ಬಿದ್ದಿದೆ," ಅಂದರು. ವಿಭಾಗವನ್ನು ಪೂರ್ತಿ ಹೊಸದಾಗಿ ಮಾಡುವುದೆಂದೂ ಬೊಂಬೆಗಳನ್ನು ತೆಗೆಯುವುದೆಂದೂ ತೀರ್ಮಾನವಾಯಿತು. ಪೆಲ್ಹ್ಯಾಮ್ ಮನೆತನದವರು ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. ಕೇಳಲು ಯಾರೂ ಇರಲಿಲ್ಲ.

ನಾನು ಲೊರೆಟ್ಟಾಗೆ ಹೇಳಬೇಕಿತ್ತು. ಎರಡು ವಾರ ಅವಳು ಬರಲಿಲ್ಲ. ಜ್ವರವೋ ಏನೋ ಎಂದು ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಜನೀನ್. "ಮ್ಯೂಸಿಯಂನಿಂದ" ಎಂದು ಬಾಯಿ ತಪ್ಪಿ ಹೇಳಿದೆ.

"ಯಾವ ಮ್ಯೂಸಿಯಂ?" ಎಂದು ಆ ಕಡೆಯ ದನಿ ಗಡುಸಾಯಿತು. ಅಲ್ಲಿಂದ ಮುಂದೆ ಮುಚ್ಚಿಡುವುದು ಸಾಧ್ಯವಿರಲಿಲ್ಲ.

ಆ ಶನಿವಾರ ತಾಯಿ ಮಗಳಿಬ್ಬರೂ ಬಂದರು. ಜನೀನ್ ನರ್ಸಿನ ಬಿಳಿ ಬೂಟಿನಲ್ಲಿ ದಾಪುಗಾಲು ಹಾಕುತ್ತ ಮುಂದೆ, ಲೊರೆಟ್ಟಾ ಹಿಂದೆ. ಗಾಜಿನ ಮುಂದೆ ಬಂದ ಜನೀನ್ ಸ್ವಲ್ಪ ಹೊತ್ತು ನಿಂತಲ್ಲೇ ನಿಂತುಬಿಟ್ಟಳು. ಹದಿಮೂರರ ವಯಸ್ಸಿನಲ್ಲಿ ಒಮ್ಮೆ ಕಂಡದ್ದು. ಈಗ ಅವಳ ವಯಸ್ಸು ಬೊಂಬೆಯ ವಯಸ್ಸಿಗಿಂತ ಹೆಚ್ಚು.

"ಅಪ್ಪ ಬೇಡ ಅಂದಿದ್ರು ಅಮ್ಮಾ," ಅಂದಳು, ಕಣ್ಣು ಅಲ್ಲಿಂದ ಕೀಳದೆ.

"ನಿಮ್ಮಪ್ಪ ಸಾವಿರ ಅಂದಿದಾನೆ. ಅವನಂದಿದ್ದೆಲ್ಲ ಕೇಳಿದ್ದಿದ್ರೆ ನೀನು ಹುಟ್ತಾನೇ ಇರ್ಲಿಲ್ಲ."

"ತಮಾಷೆ ಮಾಡ್ಬೇಡ. ಇಷ್ಟು ವರ್ಷ ಸುಳ್ಳು ಹೇಳ್ಕೊಂಡು ಬಂದು, ಈ ವೇಷದಲ್ಲಿ ಅವರನ್ನ ನೋಡೋಕೆ ನಿನಗೆ ಹೇಗೆ ಮನಸ್ಸು ಬಂತು?"

"ಸಮಾಧಿ ಕಲ್ಲಿಗೆ ಮೂಗಿಲ್ವಲ್ಲ ಮಗಳೇ," ಅಂದಳು ಲೊರೆಟ್ಟಾ.

ಜನೀನ್ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಇದನ್ನ ಏನ್ ಮಾಡ್ತೀರಿ?"

ಉಗ್ರಾಣಕ್ಕೆ ಹೋಗುತ್ತದೆ, ಮನೆಯವರು ಕೇಳಿದರೆ ಕೊಡುವುದಕ್ಕೂ ಆಗಬಹುದು ಎಂದೆ.

"ಕೊಡೋದು ಬೇಡ. ಸರಿಮಾಡಿ. ಮಾತು ಕೊಟ್ಟಿದ್ದು ಏನಂತ? ಎರಕದ ಮನೇಲಿ ನಿಲ್ಲಿಸ್ತೀವಿ ಅಂತ. ನಿಲ್ಲಿಸಿ."

ಕ್ಯಾಂಡೆಸ್‌ಗೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕತೆ ಕೇಳಿದರು. ಕೇಳಿದವರೇ, "ಎಲ್ಲಾ ಬೊಂಬೆ ಹೋಗ್ಲಿ, ಇವರೊಬ್ಬರು ಉಳೀಲಿ," ಅಂದರು.

ಕೆಲಸದ ಕೋಣೆಯಲ್ಲಿ ದೊಡ್ಡ ಮೇಜಿನ ಮೇಲೆ ಕ್ಯಾಜ್‌ನನ್ನು ಕೂರಿಸಿದೆವು. ಕೋಟು, ಸರಪಳಿ ಬಿಚ್ಚಿದ್ದಾಯಿತು. ಬಿಸಿ ನೀರಿನ ಬಟ್ಟೆ ಒತ್ತಿ, ಹಳೆಯ ಅಂಟು ಮೆದುವಾಗುವವರೆಗೆ ಕಾದು, ಮೀಸೆಗಡ್ಡವನ್ನು ಎಳೆ ಎಳೆಯಾಗಿ ಕಿತ್ತವಳು ಜನೀನ್. ಗಾಯದ ಪಟ್ಟಿ ಬಿಚ್ಚಿ ರೂಢಿಯಾದ ಕೈ. ಕೊನೆಯ ಎಳೆ ಬಂದಾಗ ಗಲ್ಲದ ಮೇಲೆ ಒಂದು ಸಣ್ಣ ಗುಳಿ ಕಂಡಿತು. ಅವಳು ತನ್ನ ಗಲ್ಲ ಮುಟ್ಟಿಕೊಂಡಳು. ಅವಳಿಗೂ ಅಲ್ಲಿಯೇ ಗುಳಿಯಿತ್ತು. ಅದು ಅಪ್ಪನದೆಂದು ಅವಳಿಗೆ ನೆನಪಿರಲಿಲ್ಲವಂತೆ. ವರ್ಷ ಕಳೆದಂತೆ ಅವನ ಮುಖ ತುಂಬಿಕೊಂಡು ಗುಳಿ ಮುಚ್ಚಿಹೋಗಿತ್ತು.

ತೊಡಕು ಎದುರಾದದ್ದು ಆಮೇಲೆ. ಬೊಂಬೆಯ ಮೈ ಮರ ಮತ್ತು ಕಬ್ಬಿಣದ ತಂತಿಯದು. ಮೊದಲಿನಿಂದಲೂ ಕುರ್ಚಿಗೆಂದೇ ಕಟ್ಟಿದ್ದು. ಮೊಣಕಾಲು ಮಡಚಿಯೇ ಇತ್ತು. ನೆಟ್ಟಗೆ ಮಾಡಹೋದರೆ ತೊಡೆಯೇ ಸೀಳಿಬರುವಂತಿತ್ತು.

"ಕೂತೇ ಇರ್ಲಿ ಬಿಡಿ," ಅಂದೆ ನಾನು.

"ಕೂತ್ಕೊಂಡು ಅಚ್ಚು ಕಟ್ಟೋನನ್ನ ಎಲ್ಲಾದ್ರೂ ನೋಡಿದೀಯಾ?" ಎಂದು ಲೊರೆಟ್ಟಾ ನಕ್ಕಳು. "ಅವನ ಸ್ನೇಹಿತರು ಕಂಡ್ರೆ ಇನ್ನೊಂದು ಅಡ್ಡಹೆಸರು ಇಡ್ತಾರೆ."

ಜನೀನ್ ಕೈಕಟ್ಟಿಕೊಂಡು ಬೊಂಬೆಯನ್ನೇ ದಿಟ್ಟಿಸುತ್ತಿದ್ದಳು. "ಗೇಟಿನ ಮುಂದೆ ಕೂತಿದ್ರಲ್ಲ," ಅಂದಳು. "ಆ ಚಳಿಗಾಲ ಪೂರ್ತಿ. ಮಡಚೋ ಕುರ್ಚಿ ಹಾಕ್ಕೊಂಡು, ಡ್ರಮ್ಮಲ್ಲಿ ಬೆಂಕಿ ಹಾಕ್ಕೊಂಡು. ನಾನು ಫ್ಲಾಸ್ಕಲ್ಲಿ ಸೂಪು ತಗೊಂಡು ಹೋಗ್ತಿದ್ದೆ."

ಹಳೆಯ ವಿಭಾಗದಲ್ಲಿ ಮುಷ್ಕರದ ಸುದ್ದಿಯೇ ಇರಲಿಲ್ಲ. ಹಣ ಕೊಟ್ಟವರ ಮುಂದೆ ಆ ಮಾತೆತ್ತಲು ಯಾರಿಗೂ ಬಾಯಿ ಬಂದಿರಲಿಲ್ಲ. ಆಡಳಿತ ಮಂಡಳಿಯಲ್ಲಿ ಇಬ್ಬರು ಈಗಲೂ ಮುಖ ಸಿಂಡರಿಸಿದರು. ಕ್ಯಾಂಡೆಸ್ ಜನೀನ್‌ಳನ್ನೇ ಸಭೆಗೆ ಕರೆಸಿದರು. ಅವಳು ಅಲ್ಲಿ ಏನು ಮಾತಾಡಿದಳೋ ನನಗೆ ತಿಳಿಯದು. ಹೊರಗೆ ಬಂದಾಗ ಆ ಇಬ್ಬರಲ್ಲಿ ಒಬ್ಬರು ಅವಳಿಗೆ ಬಾಗಿಲು ತೆರೆದು ಹಿಡಿದಿದ್ದರು.

ವಸಂತದಲ್ಲಿ ಹೊಸ ವಿಭಾಗ ತೆರೆಯಿತು. ಗೋಡೆಗಳ ಮೇಲೆ ಚಿತ್ರ ಓಡುವ ಪರದೆಗಳು, ದೀಪಗಳು. ಅವುಗಳ ನಡುವೆ ಒಂದೇ ಬೊಂಬೆ. ತಂತಿಬೇಲಿಯ ಗೇಟಿನ ಮುಂದೆ, ಬೆಂಕಿ ಡ್ರಮ್ಮಿನ ಪಕ್ಕ, ಮಡಚುವ ಕುರ್ಚಿಯಲ್ಲಿ ಕ್ಯಾಜ್. ಮೈಮೇಲೆ ಅವನದೇ ಚೌಕಳಿ ಜಾಕೆಟ್, ಕಿವಿ ಮುಚ್ಚುವ ಟೋಪಿ, ತೊಡೆಯ ಮೇಲೆ ಮುಷ್ಕರದ ಫಲಕ. ಕೆಳಗಿನ ಹೆಸರುಫಲಕದಲ್ಲಿ ಅವನ ಸ್ವಂತ ಹೆಸರು. ಕ್ಲಬ್ಬಿನ ಹಳಬರಲ್ಲಿ ಉಳಿದಿದ್ದ ಮೂವರು ಬಂದಿದ್ದರು. ಒಬ್ಬರು ಕೋಲೂರಿ ನಿಂತು ಬಹಳ ಹೊತ್ತು ನೋಡಿ, "ಬೆಂಕಿ ಹತ್ರ ಇನ್ನೂ ಸ್ವಲ್ಪ ಸರೀತಿದ್ದ," ಎಂದಷ್ಟೇ ಹೇಳಿ ಮೂಗು ಒರೆಸಿಕೊಂಡರು. ಜನೀನ್ ಅವತ್ತು ಬಂದ ಪ್ರತಿಯೊಬ್ಬರ ಕೈ ಕುಲುಕಿದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಹಿಂದೆ ಕಂಡಿರಲಿಲ್ಲ.

ಲೊರೆಟ್ಟಾ ಗಂಡನನ್ನು ಮೇಲಿಂದ ಕೆಳಗೆ ನೋಡಿ, "ಹೂಂ. ಇದು ಅವನೇ," ಅಂದಳು. ಮಗಳನ್ನು ತಬ್ಬಿಕೊಂಡಳು. ದನದ ಮಾಂಸದ ಬಿಸಿ ಸ್ಯಾಂಡ್‌ವಿಚ್ ತಿಂದಳು. ಎಲ್ಲ ಚೆನ್ನಾಗಿಯೇ ಇತ್ತು.

ಆಮೇಲೆ ಅವಳು ಬರುವುದನ್ನು ನಿಲ್ಲಿಸಿದಳು.

ಒಂದು ವಾರ, ಎರಡು ವಾರ, ಒಂದು ತಿಂಗಳು. ಬರುತ್ತಿದ್ದವಳು ಜನೀನ್. ಪಾಳಿ ಮುಗಿಸಿ ಬಂದು, ಶಾಲೆಯ ಮಕ್ಕಳಿದ್ದರೆ ಅವರನ್ನು ಕೂರಿಸಿಕೊಂಡು ಮುಷ್ಕರದ ಕತೆ ಹೇಳುತ್ತಿದ್ದಳು. ಅವಳ ಬಾಯಲ್ಲಿ ಆ ಚಳಿಗಾಲ ವಾರವಾರಕ್ಕೂ ಇನ್ನಷ್ಟು ಕೊರೆಯುತ್ತಿತ್ತು. ಅಮ್ಮ ಹೇಗಿದ್ದಾರೆ ಎಂದು ಕೇಳಿದರೆ, "ಗಟ್ಟಿಯಾಗಿದಾರೆ. ಕಾಲುನೋವು ಅಂತಾರೆ. ನನಗೇನೋ ನಂಬಿಕೆ ಇಲ್ಲ," ಎಂದಳು.

ನಾನೇ ಮನೆಗೆ ಹೋದೆ. ಲೊರೆಟ್ಟಾ ಅಡುಗೆಮನೆಯಲ್ಲಿ ಪಿರೋಗಿ ಕಡುಬಿಗೆ ಹಿಟ್ಟು ನಾದುತ್ತಿದ್ದಳು. ಕಾಲಿಗೆ ಏನೂ ಆಗಿರಲಿಲ್ಲ.

"ಯಾಕೆ ಬರ್ತಿಲ್ಲ?" ಅಂದೆ. "ನಾವೇನಾದ್ರೂ ತಪ್ಪು ಮಾಡಿದ್ವಾ?"

"ಅಯ್ಯೋ, ಇಲ್ಲಮ್ಮಾ. ಸರಿಯಾಗೇ ಮಾಡಿದೀರಿ. ಆಗಬೇಕಾಗಿದ್ದೇ ಅದು." ಹಿಟ್ಟನ್ನು ಮಗುಚಿ ಹಾಕಿ ಮತ್ತೆ ಒತ್ತಿದಳು. "ಕೇಳು. ಆ ಕೋಟಲ್ಲಿ ಕೂತಿದ್ದಾಗ ಅವನ ಮೇಲೆ ನನಗೊಂದು ಹಿಡಿತ ಇತ್ತು. ಕೆಣಕ್ತಿದ್ದೆ. ಅವನು ಸಿಟ್ಟಾಗ್ತಿದ್ದಾನೆ ಅಂತ ನನಗೆ ಅನ್ನಿಸ್ತಿತ್ತು. ಬೇಡ ಅಂದಿದ್ದ ಜಾಗಕ್ಕೆ ಹೋಗ್ತಿದ್ದೆನಲ್ಲ, ಅದೂ ಒಂದು ಜಗಳಾನೇ. ಅವನು ಸತ್ತ ಮೇಲೂ ನಮ್ಮ ಸಂಸಾರ ನಡೀತಾನೇ ಇತ್ತು."

"ಈಗ?"

"ಈಗ ಅವನು ಗೆದ್ದಿದಾನೆ. ಅವನ ಜಾಕೆಟ್ಟು, ಅವನ ಗೇಟು, ಅವನ ಹೆಸರು. ಏನಂತ ಕೆಣಕಲಿ? ಮೊನ್ನೆ ಉದ್ಘಾಟನೆ ದಿನ ಮುಂದೆ ಹೋಗಿ ನಿಂತೆ. ಅವನಿಗೆ ಹೇಳೋದಕ್ಕೆ ಒಂದು ಮಾತೂ ಬರ್ಲಿಲ್ಲ. ದೊಡ್ಡ ಮನುಷ್ಯರ ಮುಂದೆ ನಿಂತ ಹಾಗಾಯ್ತು." ಮುಂಗೈಯಿಂದ ಕಣ್ಣಿನ ಹತ್ತಿರ ಒರೆಸಿಕೊಂಡಳು, ಹಿಟ್ಟು ಮೆತ್ತಿಕೊಂಡಿತು. "ಜನೀನ್‌ಗೆ ಹೇಳ್ಬೇಡ. ಅವಳಿಗೆ ಅಪ್ಪ ಸಿಕ್ಕಿದಾನೆ. ಅವಳಿಗಿರ್ಲಿ."

ನಾನು ಅವಳ ಪಕ್ಕ ನಿಂತು ಪಿರೋಗಿಯ ಅಂಚು ಒತ್ತಿಕೊಟ್ಟೆ. ಸರಿಯಾಗಿ ಒತ್ತಲಿಲ್ಲವೆಂದು ಬೈಸಿಕೊಂಡೆ. ಮನೆಗೆ ಬಂದ ಮೇಲೂ ಅವಳ ಮಾತೇ ಕಿವಿಯಲ್ಲಿತ್ತು. ಆಗಿದ್ದ ತಪ್ಪನ್ನು ತಿದ್ದಿದೆವು, ಅದು ತಿದ್ದಬೇಕಾದ ತಪ್ಪೇ. ಆದರೆ ಆ ತಪ್ಪಿನ ಮೂಲೆಯಲ್ಲಿ ಒಬ್ಬಳು ಮುದುಕಿ ಗೂಡು ಕಟ್ಟಿಕೊಂಡಿದ್ದಳೆಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ಬಲ್ಲವಳು ನಾನೊಬ್ಬಳಿದ್ದೆ. ನನಗೂ ಹೊಳೆದಿರಲಿಲ್ಲ.

ಮುಂದಿನ ವಾರ ಮಧ್ಯಾಹ್ನ ಕಾರು ತೆಗೆದುಕೊಂಡು ಹೋಗಿ, ಸುಮ್ಮನೆ ಸುತ್ತಾಡಿ ಬರೋಣವೆಂದು ಅವಳನ್ನು ಹೊರಡಿಸಿದೆ. ದಂಡೆಯ ಕಡೆ ಹೋಗಿ ಸರೋವರ ನೋಡಿದೆವು. ಗಾಳಿ ಜೋರಾಗಿ ಬೀಸತೊಡಗಿದಾಗ ಮ್ಯೂಸಿಯಂ ಕಡೆಗೇ ತಿರುಗಿಸಿದೆ. ಅವಳು ಕಿಟಕಿಯಾಚೆ ನೋಡುತ್ತ, "ಬೇಡ ಕಣೇ," ಅಂದಳು.

"ಕೆಳಗೆ ಹೋಗೋದು ಬೇಡ. ಮೇಲಕ್ಕೆ ಹೋಗೋಣ."

"ಮೇಲೇನಿದೆ?"

ಮೇಲಿನ ಮಹಡಿಯಲ್ಲಿ ಚಿತ್ರಶಾಲೆ ಇದೆ. ಇಷ್ಟು ವರ್ಷ ಬಂದು ಹೋಗಿದ್ದವಳು ಆ ಮೆಟ್ಟಿಲನ್ನು ಹತ್ತಿಯೇ ಇರಲಿಲ್ಲ. ಹತ್ತಿ ಹೋದ ಮೇಲೆ ಬಾಗಿಲಲ್ಲೇ ನಿಂತಳು. ಉದ್ದನೆಯ ಕೋಣೆ, ಮೇಲಿನ ಗಾಜಿನಿಂದ ಇಳಿಯುವ ಬೆಳಕು, ಗೋಡೆಯ ತುಂಬ ಸಣ್ಣ ದೊಡ್ಡ ಚಿತ್ರಗಳು. ಹೆಚ್ಚಿನವು ಈ ಕಡೆಯವರೇ ಬರೆದದ್ದು. ಸುತ್ತ ಯಾರೂ ಇರಲಿಲ್ಲ. ಅವಳು ಒಂದೊಂದರ ಮುಂದೆಯೂ ನಿಂತು, ಕೆಲವಕ್ಕೆ ತಲೆಯಾಡಿಸಿ, ಕೆಲವಕ್ಕೆ ಮುಖ ಕಿವುಚಿ ಮುಂದೆ ಸಾಗಿದಳು. ಕೊನೆಗೆ ಒಂದು ಚಿತ್ರದ ಎದುರಿನ ಬೆಂಚಿನಲ್ಲಿ ಕೂತಳು. ಹೆಪ್ಪುಗಟ್ಟಿದ ಸರೋವರದ ಅಂಚಿನಲ್ಲಿ ಒಬ್ಬ ಗಂಡಸು ಬಲೆ ಎಳೆಯುತ್ತಿದ್ದ. ಅಂಗಿಯ ತೋಳು ಮಡಚಿದ್ದ, ಬರಿಗೈ.

"ಯಾರಿವನು?"

"ಗೊತ್ತಿಲ್ಲ. ಬರೆದೋರ ಹೆಸರಿದೆ. ಇವನದಿಲ್ಲ."

"ಯಾರ ಗಂಡನೋ ಏನೋ." ಕೋಟಿನ ಮೇಲಿನ ಗುಂಡಿ ಬಿಚ್ಚಿದಳು. ಕತ್ತು ವಾರೆ ಮಾಡಿ ಸ್ವಲ್ಪ ಹೊತ್ತು ನೋಡಿದಳು. "ಅಲ್ಲಾ ಮಾರ್ಲಾ, ಇಂಥಾ ಚಳೀಲಿ ಕೈಗವಸು ಹಾಕ್ಕೊಳ್ಳದೆ ಬಂದಿದಾನಲ್ಲ, ಇವನಿಗೆ ಮನೇಲಿ ಹೇಳೋರು ಕೇಳೋರು ಯಾರೂ ಇಲ್ವೇ?"

ನಾನು ಪಕ್ಕಕ್ಕೆ ಸರಿದು ಕೂತೆ. ಅವಳ ತುಟಿ ಆಗಲೇ ಅಲ್ಲಾಡುತ್ತಿತ್ತು.